ಕೆಂಗಲ್ಲಿನ ಅಲಗು

ಹೈದರಾಬಾದಿನ ಗುಡ್ಡಗಳೆಲ್ಲ ಗ್ರಾನೈಟು. ನೋಡಲು ಭವ್ಯ, ಆದರೆ ತೆಳ್ಳನೆಯ ಅಲಗು ತೆಗೆಯಲು ಒದಗದು. ಪೆಟ್ಟು ಬಿದ್ದರೆ ಹರಳು ಹರಳಾಗಿ ಉದುರುತ್ತದೆ. ಶಿಲಾಯುಗದವರು ಹುಡುಕುತ್ತಿದ್ದುದು ಜಾಸ್ಪರಿನಂಥ ನುಣ್ಣನೆಯ ಸಿಲಿಕಾ ಕಲ್ಲನ್ನು.

ಜಾಸ್ಪರನ್ನು ಗುರುತು ಹಿಡಿಯುವುದರಲ್ಲೇ ಒಂದು ಖುಷಿಯಿದೆ. ಅದಕ್ಕೆ ಕೆಂಪು ಬಂದದ್ದು ಕಬ್ಬಿಣದ ಆಕ್ಸೈಡಿನಿಂದ. ಆದರೆ ಬಣ್ಣವನ್ನಷ್ಟೇ ನಂಬಿದರೆ ಕೆಟ್ಟಿರಿ, ಕಾರ್ನೀಲಿಯನ್ನೂ ಕೆಂಪೇ. ಚಕ್ಕೆಯ ತೆಳು ಅಂಚನ್ನು ಬಿಸಿಲಿಗೆ ಹಿಡಿಯಿರಿ: ಕಾರ್ನೀಲಿಯನ್ ಆದರೆ ಬೆಳಕು ಹಾಯ್ದು ಅಂಚು ಕೆಂಡದ ಹಾಗೆ ಬೆಳಗುತ್ತದೆ, ಜಾಸ್ಪರ್ ಬೆಳಕನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೋಸ್ ಮಾಪಕದಲ್ಲಿ ಅದರ ಗಡಸುತನ ಏಳರ ಆಸುಪಾಸು, ಗಾಜನ್ನೂ ಗೀರುತ್ತದೆ. (ಹಳೆಯ ಆಯುಧದ ಮೇಲೆ ಈ ಪರೀಕ್ಷೆ ದಯವಿಟ್ಟು ಬೇಡ.) ಒಡೆದ ಮೈಯಲ್ಲಿ ಅಲೆಯಂಥ ಬಾಗು, ಪೆಟ್ಟು ಬಿದ್ದ ತುದಿಯಲ್ಲಿ ಪುಟ್ಟ ಉಬ್ಬು ಇದ್ದರೆ ಅಲ್ಲಿ ಮನುಷ್ಯನ ಕೈ ಆಡಿರಬಹುದು.

1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಸಿಕ್ಕ ಸೂಕ್ಷ್ಮ ಶಿಲಾಯುಧಗಳಲ್ಲಿ ಜಾಸ್ಪರ್ ಇತ್ತು. ಆಗಿನ ಹೈದರಾಬಾದ್ ರಾಜ್ಯದ ಮಸ್ಕಿಯಲ್ಲಿ ಬಿ.ಕೆ. ಥಾಪರ್ 1954ರಲ್ಲಿ ಅಗೆದಾಗಲೂ ಇದೇ ಸಿಲಿಕಾ ಬಳಗದ ಕಲ್ಲಲಗುಗಳು ದೊರೆತವು. ಬೆರಳುದ್ದವೂ ಇಲ್ಲದ ಇಂಥ ಅಲಗುಗಳನ್ನು ಮರದ ಇಲ್ಲವೇ ಎಲುಬಿನ ಹಿಡಿಗೆ ಸಾಲಾಗಿ ಕೂರಿಸುತ್ತಿದ್ದರು. ಒಂದು ಮುರಿದರೆ ಅದೊಂದನ್ನೇ ಬದಲಿಸಿದರಾಯಿತು.