ಪರಿಸರ ಸಂಶೋಧನ ಪ್ರಬಂಧಗಳಲ್ಲಿ ಚಿತ್ರದುರ್ಗದ ನೀರು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಅಂತರ್ಜಲವನ್ನು ಕುರಿತು ಪರಿಸರ ವಿಜ್ಞಾನದ ಪತ್ರಿಕೆಗಳಿಗೆ ಕಳುಹಲಾಗುವ ಪ್ರಬಂಧಗಳನ್ನು ಇತಿಹಾಸದ ಅಧ್ಯಾಪಕರಾದ ನಾವು ವಿಮರ್ಶಿಸುವುದು ಅಧಿಕಪ್ರಸಂಗವೆನಿಸಬಹುದು. ಫ್ಲೋರೈಡಿನ ಮಾಪನದಲ್ಲಿ ನಮಗೆ ತಕರಾರಿಲ್ಲ, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಬಾವಿಯನ್ನು ಗುರುತಿಸುವುದು ಉಪಕಾರವೇ ಸರಿ. ಕೊರತೆಯಿರುವುದು ‘ಅಧ್ಯಯನ ಪ್ರದೇಶ’ವೆಂಬ ಭಾಗದಲ್ಲಿ. ಅಕ್ಷಾಂಶ, ರೇಖಾಂಶ, ಸರಾಸರಿ ಮಳೆ, ಇಷ್ಟಕ್ಕೇ ಅದು ಮುಗಿಯುತ್ತದೆ. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. 89 ವರ್ಷಗಳ ಈ ಅಂತರವನ್ನು ಮರೆಮಾಡುವ ಸರಾಸರಿ ಎಂಥದು? 2019ರಿಂದ ಭದ್ರೆಯ ನೀರೂ ಏತದ ಮೂಲಕ ಅಲ್ಲಿಗೆ ಬಂದಿದೆ. ಹಿರಿಯೂರಿನ ಬಾವಿಗಳನ್ನು ಬೇರೆ ಬೇರೆ ವರ್ಷಗಳಲ್ಲಿ ಅಳೆದು ಹೋಲಿಸುವವರು ಇದನ್ನು ಹೇಳದಿದ್ದರೆ ಹೋಲಿಕೆಗೆ ಬುಡವೇ ಇಲ್ಲ. ಚಂದ್ರವಳ್ಳಿಯ ಮಯೂರಶರ್ಮನ ಶಾಸನವು ಹೇಳುವುದೂ ಕೆರೆಯ ಮಾತನ್ನೇ. ನಾವು ನೋಡಿದ ಪ್ರಬಂಧಗಳಲ್ಲಿ ಅದರ ಸುಳಿವಿಲ್ಲ.

ದೂರದ ಪರಿಶೀಲಕರಿಗೆ ಈ ಲೋಪ ಕಾಣದೆ ಹೋಗಬಹುದು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟ ಮೇಲೆ ಪತ್ರಿಕೆಯ ಯೋಗ್ಯತೆಯನ್ನು ತೂಗುವ ಹೊಣೆಯೂ ವಿಭಾಗಗಳ ಮೇಲೆಯೇ ಬಿದ್ದಿದೆ. ಶುಲ್ಕ ತೆತ್ತ ವಾರದಲ್ಲೇ ಅಚ್ಚುಮಾಡುವ ಪತ್ರಿಕೆಗೆ ಹೊಳಲ್ಕೆರೆಯ ಬಾವಿಗಳ ಲೆಕ್ಕವನ್ನು ಒಪ್ಪಿಸುವುದು ನಮಗೆ ಸಮ್ಮತವಲ್ಲ. ಆ ನೀರನ್ನು ಜನ ಕುಡಿಯುತ್ತಿದ್ದಾರೆ.