ತಿಳಿಸಾರಿನ ಸುಖ

ಬೇಳೆಯ ಕಟ್ಟು, ಹುಣಸೆಹುಳಿ, ಸಾರಿನ ಪುಡಿ, ಒಗ್ಗರಣೆ: ತಿಳಿಸಾರಿಗೆ ಬೇಕಾದ್ದು ಇಷ್ಟೇ. ಮದುವೆಯ ಎಲೆಗೂ ಸಲ್ಲುವ, ಜ್ವರ ಬಿಟ್ಟವರ ಬಾಯಿಗೂ ಹಿತವಾಗುವ ಅಡುಗೆ ಇದು. ದಿನವೂ ಮಾಡುವಂಥದ್ದಾದರೂ ಗಮನ ಕೊಟ್ಟಷ್ಟೂ ಇದರ ರುಚಿ ಹೆಚ್ಚುತ್ತದೆ.

ಮೊದಲನೆಯದು ಕಟ್ಟು. ತೊಗರಿಬೇಳೆಗೆ ಚಿಟಿಕೆ ಅರಿಶಿನ, ಒಂದೆರಡು ಹನಿ ಎಣ್ಣೆ ಹಾಕಿ ಮೆತ್ತಗೆ ಬೇಯಿಸಿ, ಮೇಲೆ ನಿಂತ ತಿಳಿಯನ್ನು ಬಗ್ಗಿಸಿಕೊಳ್ಳಬೇಕು. ತಳದ ಬೇಳೆ ತೊವ್ವೆಗೋ ಹುಳಿಗೋ ಒದಗುತ್ತದೆ.

ಪುಡಿಗೆ ಕೊತ್ತಂಬರಿ ಬೀಜ, ಜೀರಿಗೆ, ಕರಿಮೆಣಸು, ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ ಬೇಕು. ಹಾವೇರಿ ಜಿಲ್ಲೆಯ ಊರಿನ ಹೆಸರು ಹೊತ್ತ ಈ ಮೆಣಸಿನಕಾಯಿಯಲ್ಲಿ ಖಾರಕ್ಕಿಂತ ಬಣ್ಣ ಮುಂದು. ಸಾರಿಗೆ ಕೆಂಪು ಬರುವುದು ಇದರಿಂದಲೇ. ಒಂದೊಂದು ಸಾಮಾನನ್ನೂ ಬೇರೆಬೇರೆಯಾಗಿ ಹುರಿಯುವುದು ವಾಡಿಕೆ, ಏಕೆಂದರೆ ಒಂದೊಂದರ ಹದಕ್ಕೂ ಬೇರೆ ಹೊತ್ತು ಬೇಕು. ಮೆಂತ್ಯ ಕಪ್ಪಾದರೆ ಇಡೀ ಪುಡಿ ಕಹಿಯಾಗುತ್ತದೆ.

ಹುಣಸೆರಸಕ್ಕೆ ಉಪ್ಪು, ಪುಡಿ, ಸಣ್ಣ ಚೂರು ಬೆಲ್ಲ ಹಾಕಿ ಹಸಿವಾಸನೆ ಹೋಗುವ ತನಕ ಕುದಿಸಬೇಕು. ಕಟ್ಟು ಸೇರುವುದು ಆಮೇಲೆ. ನೊರೆ ಕಟ್ಟಿಕೊಂಡು ಮೇಲೇಳುತ್ತಿದ್ದಂತೆ ಇಳಿಸಿಬಿಡಬೇಕು. ಮತ್ತೂ ಕುದಿದರೆ ಪರಿಮಳ ಆವಿಯೊಡನೆ ಹೊರಟುಹೋಗುತ್ತದೆ. ಕೊನೆಗೆ ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಈ ಪರಿಮಳಗಳು ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಬಿಡುತ್ತವೆ, ಇಂಗಿನ ಹಸಿ ಘಾಟೂ ಬಿಸಿ ತುಪ್ಪದಲ್ಲಿ ಹದಕ್ಕೆ ಬರುತ್ತದೆ. ಒಗ್ಗರಣೆ ಬಿದ್ದ ಕೂಡಲೇ ತಟ್ಟೆ ಮುಚ್ಚಬೇಕು.

ಪ್ರದೇಶ ಬದಲಾದಂತೆ ಸಾರಿನ ಗುಣವೂ ಬದಲಾಗುತ್ತದೆ. ಹಳೆ ಮೈಸೂರು ಸೀಮೆಯಲ್ಲಿ ಸೊಪ್ಪು, ಕಾಳು ಬೇಯಿಸಿ ಬಸಿದ ನೀರು ಬಸ್ಸಾರಾಗುತ್ತದೆ. ಬಸಿದು ಉಳಿದದ್ದು ಪಲ್ಯವಾಗಿ ಮುದ್ದೆಯ ಪಕ್ಕ ಕೂರುತ್ತದೆ. ಉತ್ತರ ಕರ್ನಾಟಕದಲ್ಲಿ ಹೋಳಿಗೆಯ ಕಡಲೆಬೇಳೆ ಬೆಂದ ನೀರಿಗೆ ಮಸಾಲೆ ಬೆರೆತು ಕಟ್ಟಿನ ಸಾರು ಸಿದ್ಧವಾಗುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಬೇಯಿಸಿದ ಹುರುಳಿಯ ಕಟ್ಟಿನಿಂದ ಗಾಢ ಬಣ್ಣದ ಸಾರು ಮಾಡುತ್ತಾರೆ. ಬೇಯಿಸಿದ ನೀರನ್ನು ಚೆಲ್ಲದೆ ರುಚಿಯಾಗಿಸುವ ಜಾಣತನ ಎಲ್ಲದರಲ್ಲೂ ಒಂದೇ.

ಸಾರು ಮನಸ್ಸಿಗೆ ಹಿತ ಕೊಡುವುದಕ್ಕೆ ಕಾರಣಗಳುಂಟು. ಹುಳಿ ಬಾಯಲ್ಲಿ ನೀರೂರಿಸುತ್ತದೆ, ಮೆಣಸು ನಾಲಗೆಯನ್ನು ಚುರುಕಾಗಿಸುತ್ತದೆ, ಬಿಸಿ ಆವಿ ಪರಿಮಳವನ್ನು ಮೂಗಿಗೆ ಮುಟ್ಟಿಸುತ್ತದೆ. ವಾಸನೆಯನ್ನು ಗ್ರಹಿಸುವ ಮಿದುಳಿನ ಭಾಗಕ್ಕೆ ಭಾವನೆ, ನೆನಪುಗಳ ಭಾಗಗಳೊಡನೆ ನೇರ ನಂಟಿದೆ. ಹಾಗಾಗಿ ಇಂಗಿನ ಒಗ್ಗರಣೆ ಘಮ್ಮೆಂದರೆ ಸಾಕು, ದೂರದೂರಿನಲ್ಲಿ ನೆಲೆಸಿದವರಿಗೂ ತವರ ಅಡುಗೆಮನೆ ನೆನಪಾಗುತ್ತದೆ.

ಉಣ್ಣುವುದಕ್ಕೂ ಒಂದು ಕ್ರಮವಿದೆ. ಅನ್ನ ಹಬೆಯಾಡುತ್ತಿರಬೇಕು, ಕೊಂಚ ಮೆತ್ತಗಿರಬೇಕು. ಮೊದಲು ಒಂದು ಮಿಳ್ಳೆ ತುಪ್ಪ, ಆಮೇಲೆ ಅನ್ನ ಮುಳುಗುವಷ್ಟು ಸಾರು. ಪಕ್ಕಕ್ಕೆ ಸುಟ್ಟ ಹಪ್ಪಳವೋ ಕರಿದ ಸಂಡಿಗೆಯೋ ಇದ್ದರೆ ಮೆತ್ತಗಿನ ಅನ್ನಕ್ಕೆ ಗರಿಗರಿಯ ಜೊತೆ ಸಿಕ್ಕಂತೆ. ಸಾರು ಮಾಡಿದ ಹೊತ್ತಿಗೇ ಉಂಡರೆ ಚೆಂದ. ಮತ್ತೆ ಮತ್ತೆ ಕಾಯಿಸಿದರೆ ಹುಳಿ ಮುಂದಾಗಿ ಘಮ ಹಿಂದಾಗುತ್ತದೆ. ಇಷ್ಟು ಸಣ್ಣ ಖರ್ಚಿನಲ್ಲಿ, ಅರ್ಧ ಗಂಟೆಯ ಕೆಲಸದಲ್ಲಿ ಇಷ್ಟು ತೃಪ್ತಿ ಕೊಡುವ ಅಡುಗೆಗಳು ಕಡಿಮೆ.