ಎದುರಾಳಿ ಕೊಟ್ಟ ಚೆಂಡು

2013ರಲ್ಲಿ ಅಮೆರಿಕದ ಎಲ್ ಪಾಸೊ ನಗರದ ಪ್ರೌಢಶಾಲೆಯೊಂದರ ಬ್ಯಾಸ್ಕೆಟ್‌ಬಾಲ್ ಪಂದ್ಯ ಜಗತ್ತಿನ ಕಣ್ಣು ಒದ್ದೆ ಮಾಡಿತು. ಬೌದ್ಧಿಕ ಅಸಾಮರ್ಥ್ಯವಿದ್ದ ಹುಡುಗನೊಬ್ಬ ಆ ತಂಡದ ಮ್ಯಾನೇಜರ್. ಋತುವಿನ ಕೊನೆಯ ಪಂದ್ಯ ಮುಗಿಯಲು ಸುಮಾರು ಒಂದೂವರೆ ನಿಮಿಷವಿದ್ದಾಗ ಕೋಚ್ ಅವನನ್ನು ಕಣಕ್ಕಿಳಿಸಿದರು. ಗೆಳೆಯರು ಚೆಂಡು ಕೊಟ್ಟರೂ ಗುರಿ ತಪ್ಪಿತು. ಕೊನೆಗೆ ಎದುರಾಳಿ ಹುಡುಗನೇ ಹೆಸರು ಕೂಗಿ ಚೆಂಡೆಸೆದ. ಅದು ಬುಟ್ಟಿಗೆ ಬಿತ್ತು. ಎಲ್ಲರನ್ನೂ ಒಳಗೊಳ್ಳುವ ಶಾಲಾ ಕ್ರೀಡೆಗೆ ಈ ದೃಶ್ಯವೇ ಮಾದರಿ ಎಂಬ ಕೀರ್ತಿ ಅಂದಿನಿಂದ ನಿಂತುಬಿಟ್ಟಿದೆ. ಆ ಕೀರ್ತಿಗೆ ಅದು ಅರ್ಹವಲ್ಲ.

ಚೆಂಡೆಸೆದವನ ಒಳ್ಳೆಯತನವನ್ನು ನಾನು ಶಂಕಿಸುತ್ತಿಲ್ಲ. ಆದರೆ ಎದುರಾಳಿಯೇ ಚೆಂಡು ಕೊಟ್ಟ ಮೇಲೆ ಅದು ಪಂದ್ಯವಾಗಿ ಉಳಿಯಲಿಲ್ಲ. ಆ ಹುಡುಗ ಇಳಿದದ್ದು ಕೋಚ್ ಮನಸ್ಸು ಮಾಡಿದ್ದರಿಂದ. ಅವರು ಮನಸ್ಸು ಮಾಡದಿದ್ದರೆ ಕೇಳಲು ಅವನ ಕೈಯಲ್ಲಿ ಯಾವ ನಿಯಮವೂ ಇರಲಿಲ್ಲ.

ನಿಯಮ ಇರುವುದು ಬೇರೆ ಕಡೆ. ಸ್ಪೆಷಲ್ ಒಲಿಂಪಿಕ್ಸ್‌ನ ಯೂನಿಫೈಡ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಂಗಳದ ಐವರ ಪೈಕಿ ಮೂವರು ಬೌದ್ಧಿಕ ಅಸಾಮರ್ಥ್ಯ ಉಳ್ಳವರು, ಇಬ್ಬರು ಅದಿಲ್ಲದ ಜೊತೆಗಾರರು. ಮೊದಲ ಸೀಟಿಯಿಂದಲೇ ಈ ಲೆಕ್ಕ. ಯಾರ ಕರುಣೆಗೂ ಕಾಯಬೇಕಿಲ್ಲ. ಆದರೂ ಇದರ ಬಗ್ಗೆ ಯಾರೂ ಕಣ್ಣೀರು ಹಾಕುವುದಿಲ್ಲ, ಬರೆಯುವವರೂ ಕಡಿಮೆ.

ಮೂವರು–ಇಬ್ಬರ ಲೆಕ್ಕ ಅಂಗಳದಲ್ಲಿ ಜಾಗ ಕೊಡುತ್ತದೆ, ಚೆಂಡು ಕೊಡುವುದಿಲ್ಲ. ಅದಕ್ಕೇ ಜೊತೆಗಾರರು ಆಟವನ್ನು ತಮ್ಮ ಹಿಡಿತಕ್ಕೆ ತೆಗೆದುಕೊಳ್ಳಬಾರದೆಂಬ ಇನ್ನೊಂದು ಕಟ್ಟಳೆ. ಎಲ್ಲ ಅಂಕಗಳನ್ನೂ ತಾನೇ ಗಳಿಸುವ ಜೊತೆಗಾರನನ್ನು ಯಾರಾದರೂ ಗುರುತಿಸಿಯಾರು. ತಾನು ಒಮ್ಮೆಯೂ ಗುರಿಯಿಡದೆ, ಪ್ರತಿ ಸಲ ಚೆಂಡನ್ನು ಇತರರಿಗೆ ಕೊಡುವವನ ಕಥೆ ಏನು? ಅವನನ್ನು ಉದಾರಿ ಎಂದು ಹೊಗಳುತ್ತೇವೆ. ಆದರೆ ಯಾರಿಗೆ, ಯಾವಾಗ ಚೆಂಡು ಸಿಗಬೇಕೆಂದು ತೀರ್ಮಾನಿಸುತ್ತಿರುವವನು ಅವನೇ. ಎಲ್ ಪಾಸೊದ ಕೊಡುಗೈ ಇಲ್ಲಿ ತಂಡದೊಳಗೇ ಬಂದು ಕೂತಿರುತ್ತದೆ. ಇದಕ್ಕೆ ಮದ್ದು ಯೂನಿಫೈಡ್‌ನ ಸ್ಪರ್ಧಾತ್ಮಕ ಮಾದರಿಯಲ್ಲಿದೆ: ಎರಡೂ ಬಗೆಯ ಆಟಗಾರರ ವಯಸ್ಸು, ಸಾಮರ್ಥ್ಯ ಸರಿಸುಮಾರು ಸಮನಾಗಿರಬೇಕು. ಆಗ ಜೊತೆಗಾರ ಧಾರಾಳವಾಗಿ ಗುರಿಯಿಡಬಹುದು, ಪಕ್ಕದವನು ಅವನ ಮೇಲೆ ರೇಗಲೂಬಹುದು. ಜೊತೆಗಾರನನ್ನು ಮಾರ್ಗದರ್ಶಕನಾಗಿಸುವ ಇನ್ನೊಂದು ಮಾದರಿಯೂ ಉಂಟು. ಅದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಒಬ್ಬ ಮೇಷ್ಟ್ರಾಗಿಯೇ ಉಳಿಯುತ್ತಾನೆ.

ವಿಶೇಷ ಶಿಕ್ಷಣದ ವಿದ್ವಾಂಸ ಕೀತ್ ಸ್ಟೋರಿ 2004ರಲ್ಲಿ ಸ್ಪೆಷಲ್ ಒಲಿಂಪಿಕ್ಸ್ ವಿರುದ್ಧ ಲೇಖನ ಬರೆದರು: ಅದು ಆಟಗಾರರನ್ನು ಬೇರ್ಪಡಿಸುತ್ತದೆ, ದೊಡ್ಡಸ್ತಿಕೆಯ ಕನಿಕರದಿಂದ ಕಾಣುತ್ತದೆ. 1968ರಲ್ಲಿ ಷಿಕಾಗೊದಲ್ಲಿ ಶುರುವಾದ ಆ ಪ್ರತ್ಯೇಕ ಕೂಟಗಳ ಮಟ್ಟಿಗೆ ಆಕ್ಷೇಪ ಬಹುಪಾಲು ನ್ಯಾಯವೇ. ಆದರೆ ಅದೇ ಮಾತನ್ನು ಯೂನಿಫೈಡ್ ತಂಡಗಳ ಮೇಲೂ ಹೊರಿಸಿ, ಶಾಲೆಯ ಸಾಮಾನ್ಯ ತಂಡಕ್ಕೆ ಸೇರಿಸಿದರಷ್ಟೇ ನಿಜವಾದ ಒಳಗೊಳ್ಳುವಿಕೆ ಎನ್ನುವವರು ಆ ತಂಡದ ಆಯ್ಕೆ ಹೇಗೆ ನಡೆಯುತ್ತದೆಂದು ಯೋಚಿಸಿದ್ದಾರೆಯೇ? ಆಯ್ಕೆಯ ದಿನವೇ ಈ ಮಕ್ಕಳು ಹೊರಗೆ. ಅವರು ಹೇಳುವ ಸಾಮಾನ್ಯ ತಂಡ ಎಲ್ ಪಾಸೊದಲ್ಲೂ ಇತ್ತು. ಹುಡುಗ ಅದರಲ್ಲಿ ಮ್ಯಾನೇಜರ್ ಆಗಿದ್ದ.

ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಶಾಲೆಗಳಲ್ಲಿ ಇತರರಿಗೆ ಸಮನಾದ ಕ್ರೀಡಾವಕಾಶ ಇರಬೇಕೆನ್ನುತ್ತದೆ. ವಾರ್ಷಿಕ ಕ್ರೀಡಾಕೂಟದಲ್ಲಿ ‘ವಿಶೇಷ ಮಕ್ಕಳ ಓಟ’ ಇಟ್ಟು ಎಲ್ಲರಿಗೂ ಬಹುಮಾನ ಹಂಚಿದರೆ ಅದು ಈಡೇರುವುದಿಲ್ಲ. ಕಬಡ್ಡಿಯ ಏಳು ಜನರಲ್ಲಿ ನಾಲ್ವರು–ಮೂವರು ಎಂದು ಬರೆದುಕೊಳ್ಳಲು ನಮ್ಮ ಶಾಲೆಗಳಿಗೆ ಹಣ ಬೇಕಿಲ್ಲ. ರೈಡಿನ ಸರದಿಯನ್ನೂ ಅದರಲ್ಲೇ ಬರೆಯಬೇಕು. ಇಲ್ಲದಿದ್ದರೆ ಆ ಮೂವರು ಜೊತೆಗಾರರೇ ರೈಡಿಗೆ ಹೋಗುತ್ತಾರೆ, ನಾಲ್ವರು ಸರಪಳಿಯಲ್ಲಿ ಕೈ ಹಿಡಿದು ನಿಂತೇ ಇರುತ್ತಾರೆ.